ಬಣ್ಣದ ಕೆಳಗಿನ ಜಾವಾ

ಹಳೆಯ ಮೋಟಾರು ವಾಹನವೊಂದು ನಮ್ಮ ವಶಕ್ಕೆ ಬರುವಾಗ ಎರಡು ಅವಸ್ಥೆಗಳಲ್ಲಿ ಯಾವುದಾದರೊಂದರಲ್ಲಿ ಬರುವುದುಂಟು. ಕೊಟ್ಟಿಗೆಯ ಮೂಲೆಯಲ್ಲಿ ಬಹುಕಾಲ ಧೂಳು ತಿಂದು, ತುಕ್ಕು ಹಿಡಿದು, ಸೀಟಿನ ಒಡಲನ್ನು ಇಲಿಗಳಿಗೆ ಒಪ್ಪಿಸಿ, ಆದರೂ ಕಾರ್ಖಾನೆಯಲ್ಲಿ ಬಿಗಿದ ಬೋಲ್ಟುಗಳನ್ನು ಹಾಗೆಯೇ ಉಳಿಸಿಕೊಂಡು ಬರುವುದು ಒಂದು ಬಗೆ. ಕನ್ನಡಿಯಂತಹ ಬಣ್ಣ, ಹೊಸ ಕ್ರೋಮು, ಹೊಸ ಸೀಟು, ಹೊಸ ಟಯರುಗಳಿಂದ ಅಲಂಕೃತವಾಗಿ, ಒಳಗೆ ಮಾತ್ರ ಯಾರ ಕೈಯೂ ಸರಿಯಾಗಿ ತಾಕದೆ ಬರುವುದು ಇನ್ನೊಂದು ಬಗೆ. ಸಾಮಾನ್ಯರ ದೃಷ್ಟಿಗೆ ಎರಡನೆಯದೇ ಶ್ರೇಷ್ಠವೆಂದು ತೋರುವುದು ಸಹಜ. ಅದಕ್ಕೆ ಬೆಲೆಯೂ ಹೆಚ್ಚು. ಆದರೆ ಈ ಕೆಲಸದಲ್ಲಿ ಆಯುಷ್ಯ ಕಳೆದ ಮೆಕಾನಿಕ್ಕುಗಳನ್ನು ವಿಚಾರಿಸಿದರೆ, ಅವರು ನಿಸ್ಸಂದೇಹವಾಗಿ ತುಕ್ಕು ಹಿಡಿದ ಗಾಡಿಯನ್ನೇ ಆರಿಸಿಕೊಳ್ಳುತ್ತಾರೆ. ಅದೇಕೆಂದರೆ, ತುಕ್ಕು ಹಿಡಿದ ಗಾಡಿಯಲ್ಲಿ ಯಾವುದು ಸವೆದಿದೆ, ಯಾವುದು ಮುರಿದಿದೆ ಎಂಬುದು ಕಣ್ಣಿಗೆ ಕಾಣುತ್ತದೆ. ಕೆಟ್ಟ ಜೀರ್ಣೋದ್ಧಾರಕ್ಕೆ ಒಳಗಾದ ಗಾಡಿಯಲ್ಲಿ ಮೂಲದ ದೋಷಗಳ ಮೇಲೆ ಹೊಸ ದೋಷಗಳು ಕೂಡಿಕೊಂಡು, ಆ ಎರಡರ ಮೇಲೂ ಬಣ್ಣ ಮುಸುಕಿರುತ್ತದೆ. ಹೊಯ್ಸಳ ಗುಡಿಯೊಂದರ ಶಿಲ್ಪಗಳಿಗೆ ಭಕ್ತರು ಸದುದ್ದೇಶದಿಂದಲೇ ಎನಾಮಲ್ ಬಣ್ಣ ಬಳಿದ ಮೇಲೆ, ಬಿರುಕು ಎಲ್ಲಿದೆಯೆಂದು ಹುಡುಕಬೇಕಾದ ಸ್ಥಪತಿಯ ಕಷ್ಟ ಎಂತಹುದೋ ಈ ಮೆಕಾನಿಕ್ಕಿನ ಕಷ್ಟವೂ ಅಂತಹುದೇ.

ಈ ವಿಷಯ ಮೈಸೂರು ಜಿಲ್ಲೆಯವರಿಗೆ ಪರಕೀಯವಾದುದಲ್ಲ. ಪ್ರಾಗ್ ನಗರದಲ್ಲಿ ಫ್ರಾಂಟಿಶೆಕ್ ಯಾನೆಚೆಕ್ ಎಂಬ ಉದ್ಯಮಿ 1929ರಲ್ಲಿ ಆರಂಭಿಸಿದ ಜಾವಾ ಮೋಟಾರು ಸೈಕಲ್ಲು, ಮುಂಬಯಿಯ ಇರಾನಿ ಮನೆತನದ ರುಸ್ತುಂ ಇರಾನಿ, ಫಾರೂಕ್ ಇರಾನಿ ಮೊದಲಾದವರ ಪ್ರಯತ್ನದಿಂದ, ಅಂದು ಮೈಸೂರು ರಾಜ್ಯದ ರಾಜ್ಯಪಾಲರಾಗಿದ್ದ ಶ್ರೀ ಜಯಚಾಮರಾಜೇಂದ್ರ ಒಡೆಯರವರ ಪ್ರೋತ್ಸಾಹದೊಡನೆ, ಮೈಸೂರಿನ ಯಾದವಗಿರಿಯಲ್ಲಿ ನೆಲೆಯೂರಿತು. ಐಡಿಯಲ್ ಜಾವಾ ಎಂಬ ಆ ಕಾರ್ಖಾನೆ 1960ರಲ್ಲಿ ಸ್ಥಾಪಿತವಾಗಿ, 1961ರಿಂದ ಗಾಡಿಗಳನ್ನು ಹೊರತರತೊಡಗಿತು. 1970ರ ದಶಕದ ಆದಿಭಾಗದಲ್ಲಿ ಗಾಡಿಗೆ ಎಜ್ಡಿ ಎಂಬ ಹೊಸ ಹೆಸರು ಬಂತು. 1978ರಲ್ಲಿ ರೋಡ್‌ಕಿಂಗ್ ಎಂಬ ಮಾದರಿ ಹೊರಟಿತು. 1996ರಲ್ಲಿ ಕಾರ್ಖಾನೆಯ ಬಾಗಿಲು ಮುಚ್ಚಿತು. ಹೀಗೆ ಮೂವತ್ತೈದು ವರ್ಷಗಳ ಕಾಲ ಮೈಸೂರಿನ ಕೆಲಸಗಾರರ ಕೈಯಿಂದ ಹೊರಬಂದ ಈ ಗಾಡಿಗಳು ಹುಣಸೂರಿನ ತಂಬಾಕಿನ ಹೊಲಗಳ ನಡುವಣ ರಸ್ತೆಗಳಲ್ಲಿಯೂ, ಪಿರಿಯಾಪಟ್ಟಣದ ಸಂತೆಗಳಲ್ಲಿಯೂ, ಕೃಷ್ಣರಾಜನಗರದ ಗದ್ದೆಯ ಬದುಗಳ ಬಳಿಯಲ್ಲಿಯೂ, ಹೆಗ್ಗಡದೇವನಕೋಟೆಯ ಕಾಡಂಚಿನ ಹಳ್ಳಿಗಳಲ್ಲಿಯೂ ಮನೆಯ ಆಳಿನಂತೆ ದುಡಿದವು. ಇಂದು ಅವುಗಳ ಮೇಲೆ ಹೊಸ ಅಭಿಮಾನ ಹುಟ್ಟಿದೆ. ಜುಲೈ ತಿಂಗಳ ಎರಡನೆಯ ಭಾನುವಾರ ಜಾವಾ ಪ್ರೇಮಿಗಳು ಮೈಸೂರು, ಬೆಂಗಳೂರುಗಳಲ್ಲಿ ಮೆರವಣಿಗೆ ಹೊರಡುತ್ತಾರೆ. ಮೂಲೆಗುಂಪಾಗಿದ್ದ ಗಾಡಿಗಳಿಗೆ ಹಿಂದೆ ಯಾರೂ ಊಹಿಸದ ಬೆಲೆ ಬಂದಿದೆ. ಬೆಲೆ ಬಂದಲ್ಲಿ ಅವಸರದ ಜೀರ್ಣೋದ್ಧಾರವೂ ಬಂದಿದೆ. ಕೊಳ್ಳುವವನು ಕಣ್ಣಿನಿಂದ ನೋಡಿ ಕೊಳ್ಳುತ್ತಾನೆ. ಆದಕಾರಣ ಮಾರುವವನು ಕಣ್ಣಿಗೆ ಕಾಣುವುದಕ್ಕೆ ಮಾತ್ರ ಹಣ ಹಾಕುತ್ತಾನೆ. ಕ್ರ್ಯಾಂಕಿನ ಪಕ್ಕದಲ್ಲಿ ಅಡಗಿರುವ ರಬ್ಬರ್ ಸೀಲೊಂದನ್ನು ಬದಲಾಯಿಸಲು ಎಂಜಿನನ್ನು ಪೂರ್ತಿ ಬಿಚ್ಚಬೇಕು. ಆ ಶ್ರಮ ಯಾವ ಛಾಯಾಚಿತ್ರದಲ್ಲಿಯೂ ಕಾಣುವುದಿಲ್ಲ.

ಈ ಗಾಡಿಗಳ ಕಾಯಿಲೆಯನ್ನು ಅರಿಯಬೇಕಾದರೆ ಮೊದಲು ಶಾಖದ ವಿಚಾರವನ್ನು ಸ್ವಲ್ಪ ತಿಳಿಯುವುದು ಯುಕ್ತ. ಪೆಟ್ರೋಲು ಉರಿದು ಹುಟ್ಟುವ ಶಾಖದಲ್ಲಿ ಚಕ್ರವನ್ನು ತಿರುಗಿಸುವ ಶಕ್ತಿಯಾಗಿ ಪರಿಣಮಿಸುವುದು ಅಲ್ಪಭಾಗ ಮಾತ್ರ; ಉಳಿದುದರಲ್ಲಿ ಬಹುಪಾಲು ಹೊಗೆಯೊಡನೆ ಹೊರಹೋಗುತ್ತದೆ, ಇನ್ನುಳಿದುದು ಸಿಲಿಂಡರಿನ ಲೋಹದಲ್ಲಿ ಸೇರುತ್ತದೆ. ಅದನ್ನು ಹೊರಹಾಕಲು ಕೆಲವು ಎಂಜಿನುಗಳಲ್ಲಿ ನೀರನ್ನು ಹರಿಸುತ್ತಾರೆ, ಕೆಲವುಗಳಲ್ಲಿ ಗಾಳಿಯನ್ನೇ ನಂಬುತ್ತಾರೆ. ಗಾಳಿ ನೀರಿನಷ್ಟು ಶಾಖವನ್ನು ಹೊರಲಾರದು; ಆ ಕೊರತೆಯನ್ನು ತುಂಬಲೆಂದು ಸಿಲಿಂಡರಿನ ಸುತ್ತಲೂ ತೆಳುವಾದ ಲೋಹದ ರೆಕ್ಕೆಗಳನ್ನು ಎರಕಹೊಯ್ದು ಗಾಳಿಗೆ ತಾಕುವ ಮೈಯನ್ನು ಅನೇಕಪಟ್ಟು ವಿಸ್ತರಿಸಿರುತ್ತಾರೆ. ಜಗತ್ಪ್ರಸಿದ್ಧವಾದ ಫೋಕ್ಸ್‌ವ್ಯಾಗನ್ ಬೀಟಲ್ ಕಾರು ಈ ತತ್ತ್ವದ ಮೇಲೆಯೇ ನಡೆಯಿತು; 2003ರ ಜುಲೈಯಲ್ಲಿ ಮೆಕ್ಸಿಕೋ ದೇಶದ ಪುಯೆಬ್ಲಾ ನಗರದಲ್ಲಿ ಅದರ ಕಟ್ಟಕಡೆಯ ಗಾಡಿ ಹೊರಬರುವ ವೇಳೆಗೆ ಒಟ್ಟು ಎರಡು ಕೋಟಿ ಹತ್ತು ಲಕ್ಷಕ್ಕೂ ಹೆಚ್ಚು ಬೀಟಲ್‌ಗಳು ತಯಾರಾಗಿದ್ದವು. ಆ ಕಾರಿನಲ್ಲಿ ಎಂಜಿನು ಹಿಂಭಾಗದಲ್ಲಿ ಮುಚ್ಚಿಕೊಂಡಿರುವುದರಿಂದ ಫ್ಯಾನೊಂದು ಗಾಳಿಯನ್ನು ನೂಕುತ್ತದೆ. ಆ ಗಾಳಿ ರೆಕ್ಕೆಗಳ ನಡುವೆಯೇ ಹಾಯುವಂತೆ ಎಂಜಿನಿನ ಸುತ್ತ ತಗಡಿನ ಹೊದಿಕೆಗಳೂ, ಬಿಸಿಗಾಳಿ ಮತ್ತೆ ಒಳನುಗ್ಗದಂತೆ ಅಂಚಿನಲ್ಲಿ ರಬ್ಬರ್ ಪಟ್ಟಿಯೂ ಇರುತ್ತವೆ. ಈ ತಗಡುಗಳು ನೋಡಲು ಏನೇನೂ ಸುಂದರವಲ್ಲ. ಬರಿಯ ಮುಚ್ಚಳವೆಂದು ಬಗೆದು ಇವುಗಳಲ್ಲಿ ಒಂದೆರಡನ್ನು ಬಿಟ್ಟು ಎಂಜಿನನ್ನು ಕೂರಿಸಿದ ಬೀಟಲ್, ಎಷ್ಟೇ ಹೊಳೆದರೂ, ದೂರ ಪ್ರಯಾಣದಲ್ಲಿ ಕಾದು ಕೆಡುವುದು ನಿಶ್ಚಿತ.

ನಮ್ಮ ಜಾವಾದಲ್ಲಿ ಫ್ಯಾನು ಕೂಡ ಇಲ್ಲ. ಗಾಡಿ ಓಡುವಾಗ ಎದುರಾಗುವ ಗಾಳಿಯೇ ಅದಕ್ಕೆ ಸರ್ವಸ್ವ. 250ರ ಜಾವಾದ್ದು ಒಂಟಿ ಸಿಲಿಂಡರು. ಅದರ ಬೋರು 65 ಮಿ.ಮೀ., ಸ್ಟ್ರೋಕು 75 ಮಿ.ಮೀ.; ಸಿಲಿಂಡರು ಬೀಡುಕಬ್ಬಿಣದ್ದು, ಮೇಲಿನ ಹೆಡ್ಡು ಅಲ್ಯೂಮಿನಿಯಂ ಮಿಶ್ರಲೋಹದ್ದು; ಒಂದೇ ಸಿಲಿಂಡರಿನಿಂದ ಎರಡು ಸೈಲೆನ್ಸರುಗಳು ಹೊರಡುತ್ತವೆ. ಎರಡು ಸ್ಟ್ರೋಕಿನ ಎಂಜಿನಾದ ಕಾರಣ ಕ್ರ್ಯಾಂಕಿನ ಒಂದೊಂದು ಸುತ್ತಿಗೂ ಒಮ್ಮೆ ಉರಿ ಹುಟ್ಟುತ್ತದೆ. ನಾಲ್ಕು ಸ್ಟ್ರೋಕಿನ ಎಂಜಿನಿಗೆ ಉರಿಗೂ ಉರಿಗೂ ನಡುವೆ ದೊರೆಯುವ ವಿರಾಮ ಇದಕ್ಕಿಲ್ಲ. ಪಿಸ್ಟನ್ನಿಗೆ ಬೇಕಾದ ಎಣ್ಣೆಯೂ ಪೆಟ್ರೋಲಿನಲ್ಲಿ ಬೆರೆತೇ ಬರಬೇಕು. ಹೀಗೆ ಪೆಟ್ರೋಲು, ಎಣ್ಣೆ, ಗಾಳಿ ಮೂರೂ ಒಂದನ್ನೊಂದು ಅವಲಂಬಿಸಿರುವ ಎಂಜಿನಿನಲ್ಲಿ ಯಾವುದೊಂದು ಕಡಿಮೆಯಾದರೂ ಪರಿಣಾಮ ಒಂದೇ: ಶಾಖ ಏರಿ, ಪಿಸ್ಟನ್ನು ಹಿಗ್ಗಿ, ಎಣ್ಣೆಯ ಪೊರೆ ಹರಿದು, ಓಡುತ್ತಿದ್ದ ಎಂಜಿನು ಥಟ್ಟನೆ ಹಿಡಿದುಕೊಳ್ಳುತ್ತದೆ. ಸೀಜ್ ಆಯಿತು ಎಂದು ನಮ್ಮ ಮೆಕಾನಿಕ್ಕುಗಳು ಹೇಳುವುದು ಇದನ್ನೇ.

ಹುಣಸೂರು ತಾಲ್ಲೂಕಿನ ಗುರುಪುರದ ಸಮೀಪದಲ್ಲಿ, ಟಿಬೆಟನ್ ಶಿಬಿರಕ್ಕೆ ಹೆಚ್ಚು ದೂರವಲ್ಲದ ಊರೊಂದರ ರೈತರು, ತಮ್ಮ ತಂದೆಯವರು 1960ರ ದಶಕದಲ್ಲಿ ಕೊಂಡಿದ್ದ ಜಾವಾವನ್ನು ದೂರದ ನಗರದ ಗ್ಯಾರೇಜೊಂದಕ್ಕೆ ಒಪ್ಪಿಸಿ ಹೊಸದು ಮಾಡಿಸಿ ತಂದರು. ಮೆರೂನ್ ಬಣ್ಣ, ಟ್ಯಾಂಕಿನ ಕ್ರೋಮು, ಅದರ ಅಂಚಿನ ಸಣ್ಣ ಗೆರೆ ಎಲ್ಲವೂ ನೋಡಿದವರು ತಲೆದೂಗುವಂತಿತ್ತು. ಆದರೆ ಹುಣಸೂರಿಗೆ ಹೊರಟ ಗಾಡಿ ಹಾದಿಯಲ್ಲೇ ಹಿಡಿದುಕೊಂಡಿತು. ಪಿಸ್ಟನ್ನು ಕೆಟ್ಟಿತೆಂದು ಮತ್ತೆ ಬೋರು ಮಾಡಿಸಿ ಹೊಸ ಪಿಸ್ಟನ್ನು ಹಾಕಿದರು; ಅದೂ ಹಿಡಿದುಕೊಂಡಿತು. ಅನಂತರ ಹುಣಸೂರಿನ ಹಿರಿಯ ಮೆಕಾನಿಕ್ಕೊಬ್ಬರು ಅದನ್ನು ಕೈಗೆತ್ತಿಕೊಂಡಾಗ ಅವರು ಮಾಡಿದ ಮೊದಲ ಕೆಲಸವೆಂದರೆ ಪಿಸ್ಟನ್ನಿನ ವಿಚಾರವನ್ನು ಬದಿಗಿಟ್ಟದ್ದು. ಹಿಡಿದುಕೊಂಡ ಪಿಸ್ಟನ್ನು ರೋಗವಲ್ಲ, ರೋಗದ ಲಕ್ಷಣ. ಕಾರಣವನ್ನು ಹುಡುಕದೆ ಎಷ್ಟು ಪಿಸ್ಟನ್ನು ಹಾಕಿದರೂ ಅಷ್ಟೂ ನಷ್ಟವೆಂಬುದು ಅವರ ನಿಶ್ಚಿತಾಭಿಪ್ರಾಯವಾಗಿತ್ತು. ಅವರು ಕೆಲಸ ಮಾಡಿದ ಕ್ರಮವನ್ನು ಹತ್ತಿರದಿಂದ ನೋಡುವ ಅವಕಾಶ ನನಗೆ ದೊರೆಯಿತು. ಇಂತಹ ಗಾಡಿಯನ್ನು ಹೊಂದಿರುವ ಯಾರಿಗಾದರೂ ಆ ಕ್ರಮ ಪ್ರಯೋಜನಕರವಾದೀತೆಂದು ಅದನ್ನು ಕೊಂಚ ವಿಸ್ತಾರವಾಗಿಯೇ ಹೇಳುತ್ತೇನೆ.

ಮೊದಲು ಅವರು ರೆಕ್ಕೆಗಳನ್ನು ನೋಡಿದರು. ಸಿಲಿಂಡರಿಗೂ ಹೆಡ್ಡಿಗೂ ದಪ್ಪವಾದ ಪೌಡರ್ ಕೋಟಿಂಗ್ ಆಗಿತ್ತು. ತೆಳುವಾದ, ಶಾಖ ತಡೆಯಬಲ್ಲ ಕಪ್ಪು ಬಣ್ಣದ ಒಂದು ಪೊರೆಯಿಂದ ಬೀಡುಕಬ್ಬಿಣಕ್ಕೆ ತುಕ್ಕಿನಿಂದ ರಕ್ಷಣೆ ದೊರೆಯುವುದೇ ಹೊರತು ಬಾಧೆಯಿಲ್ಲ. ಆದರೆ ಪ್ಲಾಸ್ಟಿಕ್ಕಿನ ಸ್ವಭಾವದ ದಪ್ಪ ಲೇಪನ ಲೋಹಕ್ಕೂ ಗಾಳಿಗೂ ನಡುವೆ ಕಂಬಳಿ ಹೊದಿಸಿದ ಹಾಗೆಯೇ ಸರಿ. ಅದನ್ನು ಕೆರೆದು ತೆಗೆದದ್ದಾಯಿತು. ಇಷ್ಟರಿಂದಲೇ ರೋಗ ವಾಸಿಯಾಗುವುದೆಂದು ಅವರು ನಂಬಲಿಲ್ಲ, ಏಕೆಂದರೆ ಲೇಪನ ಶಾಖವನ್ನು ತಡೆಯುತ್ತದೆಯೇ ವಿನಾ ಅಧಿಕ ಶಾಖವನ್ನು ಹುಟ್ಟಿಸುವುದಿಲ್ಲ.

ಅಧಿಕ ಶಾಖದ ಮೂಲ ಕ್ರ್ಯಾಂಕ್‌ಕೇಸಿನಲ್ಲಿ ಸಿಕ್ಕಿತು. ಇದು ಸಾಮಾನ್ಯ ಓದುಗರು ಅರಿಯಬೇಕಾದ ಮುಖ್ಯ ಸಂಗತಿಯಾದ್ದರಿಂದ ಇಲ್ಲಿ ಸ್ವಲ್ಪ ನಿಲ್ಲುತ್ತೇನೆ. ಎರಡು ಸ್ಟ್ರೋಕಿನ ಎಂಜಿನಿನಲ್ಲಿ ಪಿಸ್ಟನ್ನಿನ ಕೆಳಗಿರುವ ಕ್ರ್ಯಾಂಕ್‌ಕೇಸು ಕೇವಲ ಕ್ರ್ಯಾಂಕನ್ನು ಹೊತ್ತ ಪೆಟ್ಟಿಗೆಯಲ್ಲ, ಅದೊಂದು ಪಂಪು. ಪಿಸ್ಟನ್ನು ಮೇಲೇರುವಾಗ ಕಾರ್ಬ್ಯುರೇಟರಿನಿಂದ ಪೆಟ್ರೋಲು ಬೆರೆತ ಗಾಳಿ ಇಲ್ಲಿಗೆ ಎಳೆಯಲ್ಪಡುತ್ತದೆ. ಇಳಿಯುವಾಗ ಅದೇ ಮಿಶ್ರಣ ಒತ್ತಲ್ಪಟ್ಟು ಪಕ್ಕದ ದಾರಿಗಳ ಮೂಲಕ ಪಿಸ್ಟನ್ನಿನ ಮೇಲಕ್ಕೆ ಹೋಗುತ್ತದೆ. ಆದುದರಿಂದ ಈ ಪೆಟ್ಟಿಗೆ ಗಾಳಿಯಾಡದಂತೆ ಭದ್ರವಾಗಿರಬೇಕು. ಕ್ರ್ಯಾಂಕಿನ ದಂಡ ಎರಡು ಕಡೆಯೂ ಪೆಟ್ಟಿಗೆಯಿಂದ ಹೊರಬರುವಲ್ಲಿ ಒಂದೊಂದು ರಬ್ಬರ್ ಸೀಲು ಇರುತ್ತದೆ. ವರ್ಷಾನುಗಟ್ಟಲೆ ನಿಂತ ಗಾಡಿಯಲ್ಲಿ ಈ ಸೀಲುಗಳು ಗಟ್ಟಿಯಾಗಿ, ಸೀಳಿ, ದಂಡವನ್ನು ಅಪ್ಪಿ ಹಿಡಿಯಲಾರದೆ ಹೋಗುತ್ತವೆ. ಎಡಗಡೆಯ ಸೀಲು ಹೋದರೆ ಕ್ಲಚ್ಚಿನ ಕಡೆಯ ಎಣ್ಣೆ ಒಳಕ್ಕೆ ಹೀರಲ್ಪಟ್ಟು ಗಾಡಿ ಬೆಳ್ಳಗೆ ಹೊಗೆಯುಗುಳುತ್ತದೆ. ದಾರಿಹೋಕರಿಗೂ ಅದು ತಿಳಿಯುತ್ತದೆ. ಬಲಗಡೆಯ, ಎಂದರೆ ಡೈನಮೋ ಇರುವ ಕಡೆಯ ಸೀಲು ಹೋದರೆ ಯಾವ ಹೊಗೆಯೂ ಇಲ್ಲ, ಸದ್ದೂ ಇಲ್ಲ. ಬರಿಯ ಗಾಳಿ ಒಳನುಗ್ಗಿ ಮಿಶ್ರಣದಲ್ಲಿ ಪೆಟ್ರೋಲಿನ ಅಂಶ ತಗ್ಗುತ್ತದೆ, ಪೆಟ್ರೋಲಿನೊಡನೆ ಬರಬೇಕಾದ ಎಣ್ಣೆಯೂ ತಗ್ಗುತ್ತದೆ, ಉರಿ ಮಾತ್ರ ತೀಕ್ಷ್ಣವಾಗುತ್ತದೆ. ಕಾರ್ಬ್ಯುರೇಟರನ್ನು ಎಷ್ಟು ತಿರುಗಿಸಿದರೂ ಈ ದೋಷ ಸರಿಹೋಗದು.

ಇದನ್ನು ಕಂಡುಹಿಡಿಯಲು ಆ ಹಿರಿಯರು ಅನುಸರಿಸಿದ ಉಪಾಯ ಬಹಳ ಸರಳವಾದುದು. ಕಾರ್ಬ್ಯುರೇಟರಿನ ಬಾಯಿಯನ್ನೂ ಸೈಲೆನ್ಸರುಗಳ ಬಾಯಿಗಳನ್ನೂ ರಬ್ಬರಿನಿಂದ ಬಿಗಿದು ಮುಚ್ಚಿ, ವೈದ್ಯರು ರಕ್ತದೊತ್ತಡ ಅಳೆಯಲು ಬಳಸುವ ರಬ್ಬರ್ ಬುರುಡೆಯನ್ನೂ ಅಳತೆಯ ಗಡಿಯಾರವನ್ನೂ ಜೋಡಿಸಿ, ಒಳಕ್ಕೆ ಅಲ್ಪ ಒತ್ತಡದ ಗಾಳಿ ತುಂಬಿದರು. ಭದ್ರವಾದ ಎಂಜಿನಿನಲ್ಲಿ ಮುಳ್ಳು ಕೆಲವು ನಿಮಿಷಗಳ ಕಾಲವಾದರೂ ನಿಂತಲ್ಲೇ ನಿಲ್ಲಬೇಕು. ಇಲ್ಲಿ ಅದು ನೋಡನೋಡುತ್ತಲೇ ಇಳಿಯಿತು. ಡೈನಮೋವನ್ನು ಬಿಚ್ಚಿ ಸೋಪಿನ ನೀರು ಸವರಿದಾಗ ಸೀಲಿನ ಅಂಚಿನಲ್ಲಿ ಗುಳ್ಳೆಗಳೆದ್ದವು. ಹೊರಗಿನ ಪೆಟ್ಟಿಗೆಯನ್ನು ಪಾಲಿಷ್ ಮಾಡಿದವರು ಒಳಗಿನ ಹಳೆಯ ಸೀಲುಗಳನ್ನು ಹಾಗೆಯೇ ಬಿಟ್ಟಿದ್ದರು.

ಇನ್ನು ಬೋರಿನ ಕೆಲಸ. ಸಿಲಿಂಡರು ಸವೆದಾಗ ಕಾಲು ಮಿ.ಮೀ. ಹೆಚ್ಚಿನ ಅಳತೆಯ ಪಿಸ್ಟನ್ನಿಗೆ ಸರಿಯಾಗಿ ಅದನ್ನು ಕೊರೆಸುವುದು ವಾಡಿಕೆ. ಪಿಸ್ಟನ್ನಿಗೂ ಗೋಡೆಗೂ ನಡುವೆ ಇರಬೇಕಾದ ಅವಕಾಶ ಒಂದು ಮಿ.ಮೀ.ನ ಇಪ್ಪತ್ತನೆಯ ಒಂದು ಭಾಗದ ಆಸುಪಾಸಿನದು. ಪಿಸ್ಟನ್ನಿನ ಅಲ್ಯೂಮಿನಿಯಂ ಗೋಡೆಯ ಬೀಡುಕಬ್ಬಿಣಕ್ಕಿಂತ ಹೆಚ್ಚು ಹಿಗ್ಗುವುದರಿಂದ, ಅವಕಾಶ ಕಡಿಮೆಯಾದರೆ ಹಿಡಿದುಕೊಳ್ಳುತ್ತದೆ, ಹೆಚ್ಚಾದರೆ ಪಿಸ್ಟನ್ನು ಗೋಡೆಗೆ ಬಡಿದು ಸದ್ದು ಮಾಡುತ್ತದೆ. ಕೊರೆದ ಮೇಲೆ ಗೋಡೆಯಲ್ಲಿರುವ ಕಿಂಡಿಗಳ ಅಂಚು ಅಲಗಿನಂತೆ ಹರಿತವಾಗಿರುತ್ತದೆ. ಅದನ್ನು ಸಣ್ಣ ಅರದಿಂದ ನಯಗೊಳಿಸದಿದ್ದರೆ ರಿಂಗುಗಳು ಅಲ್ಲಿ ಸಿಕ್ಕಿ ಮುರಿಯುತ್ತವೆ. ಇದನ್ನು ಮಾಡಲು ಅರ್ಧ ಗಂಟೆ ಸಾಕು, ಆದರೂ ಅವಸರದ ಕೆಲಸದಲ್ಲಿ ಬಿಟ್ಟುಹೋಗುವುದು ಇದೇ. ಈ ಗಾಡಿಯಲ್ಲಿಯೂ ಅದು ಬಿಟ್ಟುಹೋಗಿತ್ತು.

ಇಂತಹ ಸೂಕ್ಷ್ಮ ಕೆಲಸಕ್ಕೆ ಬೆಂಗಳೂರಿಗೇ ಹೋಗಬೇಕೆಂಬ ಭಾವನೆ ಅನೇಕರಲ್ಲಿದೆ. ನನಗೆ ಅದು ಒಪ್ಪಿಗೆಯಿಲ್ಲ. ಹುಣಸೂರಿನಲ್ಲಿ ಕುಶಲಕರ್ಮಿಗಳ ಪರಂಪರೆ ಹಳೆಯದು. ಬ್ರಿಟಿಷ್ ಸೈನ್ಯದ ಕಮಿಸೇರಿಯಟ್ ಇಲಾಖೆಯ ಚರ್ಮ ಹದಮಾಡುವ ಕಾರ್ಖಾನೆಯೂ, ಕಂಬಳಿಯ ಕಾರ್ಖಾನೆಯೂ ಇಲ್ಲಿ ನಡೆದಿದ್ದವು. 1864ರಲ್ಲಿ ಅವು ನಿಂತುಹೋದ ಮೇಲೂ ಅಲ್ಲಿ ಕೈ ಪಳಗಿಸಿಕೊಂಡವರು ಊರಿನಲ್ಲೇ ಉಳಿದು, ಬೂಟು ಮೊದಲಾದ ಚರ್ಮದ ಸಾಮಾನುಗಳನ್ನು ತಯಾರಿಸುತ್ತ ಹೆಸರಾದರು. ಇಂದಿನ ಲೇತಿನ ಕೆಲಸಗಾರರು ಆ ವಂಶದವರೆಂದು ನಾನು ಹೇಳುತ್ತಿಲ್ಲ. ಟ್ರ್ಯಾಕ್ಟರು, ಪಂಪುಸೆಟ್ಟು, ತಂಬಾಕಿನ ಬ್ಯಾರನ್ನುಗಳ ಕೆಲಸದಲ್ಲಿ ಪಳಗಿದ ಕೈಗಳು ತಾಲ್ಲೂಕು ಕೇಂದ್ರಗಳಲ್ಲಿಯೇ ಉಂಟೆಂಬುದನ್ನೂ, ಅಳತೆಯನ್ನು ಬರೆದುಕೊಟ್ಟು ತಾಳ್ಮೆಯಿಂದ ಕಾಯುವ ಯಜಮಾನನಿಗೆ ಅವರು ಒಳ್ಳೆಯ ಕೆಲಸವನ್ನೇ ಮಾಡಿಕೊಡುವರೆಂಬುದನ್ನೂ ಹೇಳುತ್ತಿದ್ದೇನೆ.

ಉಳಿದ ದೋಷಗಳನ್ನು ಸಂಕ್ಷೇಪವಾಗಿ ಹೇಳಬಹುದು. ಪೇಟೆಯಲ್ಲಿ ಸಿಗುವ ಅನುಕರಣೆಯ ಸೈಲೆನ್ಸರುಗಳು ಹೊರಗೆ ಮೂಲದಂತೆಯೇ ಇದ್ದರೂ ಒಳಗಿನ ಜಾಲರಿ ಬೇರೆಯಾಗಿರುತ್ತದೆ. ಎರಡು ಸ್ಟ್ರೋಕಿನ ಎಂಜಿನಿಗೆ ಸೈಲೆನ್ಸರು ಸದ್ದಡಗಿಸುವ ಕೊಳವೆ ಮಾತ್ರವಲ್ಲದೆ ಉಸಿರಾಟದ ಅಂಗವೂ ಆಗಿರುವುದರಿಂದ, ಅದು ಬದಲಾದರೆ ಕಾರ್ಬ್ಯುರೇಟರಿನ ಜೆಟ್ಟಿನ ಲೆಕ್ಕವೂ ಬದಲಾಗಬೇಕಾಗುತ್ತದೆ. ಇಗ್ನಿಷನ್ನಿನ ಕಿಡಿ ಪಿಸ್ಟನ್ನು ತುದಿ ಮುಟ್ಟುವುದಕ್ಕೆ ಸುಮಾರು 3 ಮಿ.ಮೀ. ಮುಂಚೆ ಹಾರಬೇಕು, ಅದನ್ನು ಕಿವಿಯ ಅಂದಾಜಿಗೆ ಬಿಡದೆ ಅಳೆದೇ ಹೊಂದಿಸಬೇಕು. ಎಣ್ಣೆಯನ್ನು ಲೀಟರಿಗೆ 40ರಿಂದ 50 ಮಿ.ಲೀ. ಬೆರೆಸಿದರೆ ಸಾಕು, ಹೆಚ್ಚು ಎಣ್ಣೆ ಹಾಕಿದರೆ ಎಂಜಿನಿಗೆ ಕ್ಷೇಮವೆಂದು ಅನೇಕರು ನಂಬಿದ್ದಾರೆ, ಆದರೆ ಜೆಟ್ಟಿನ ರಂಧ್ರದಲ್ಲಿ ಎಣ್ಣೆ ಆಕ್ರಮಿಸಿದ ಜಾಗದಷ್ಟು ಪೆಟ್ರೋಲು ಕಡಿಮೆಯಾಗುವುದೆಂಬುದನ್ನು ಮರೆಯುತ್ತಾರೆ. ವಿದ್ಯುತ್ತಿನ ತೊಂದರೆಗಳಲ್ಲಿ ಮುಕ್ಕಾಲು ಪಾಲು ಹೊಸ ಬಣ್ಣದಿಂದಲೇ ಬಂದವು: 6 ವೋಲ್ಟಿನ ಈ ವ್ಯವಸ್ಥೆಯಲ್ಲಿ ವಿದ್ಯುತ್ತು ಹಿಂದಿರುಗುವ ದಾರಿ ಗಾಡಿಯ ಕಬ್ಬಿಣದ ಚೌಕಟ್ಟೇ ಆಗಿದ್ದು, ಆ ಚೌಕಟ್ಟಿನ ಕೂಡುಗಳಿಗೆಲ್ಲ ಬಣ್ಣ ಬಳಿದರೆ ಅರ್ತಿಂಗ್ ತಪ್ಪಿ ದೀಪ ಮಂಕಾಗುತ್ತದೆ, ಬ್ಯಾಟರಿ ತುಂಬುವುದಿಲ್ಲ. ಕೂಡಿನ ಬಣ್ಣವನ್ನು ಕಾಸಿನಗಲ ಕೆರೆದು ಬಿಗಿದರೆ ಆಯಿತು.

ಟ್ಯಾಂಕಿನ ವಿಷಯವನ್ನು ಮಾತ್ರ ಹಗುರವಾಗಿ ಬಿಡಲಾಗದು. ಒಳಗಿನ ತುಕ್ಕನ್ನು ಪೂರ್ತಿಯಾಗಿ ತೆಗೆಯದೆ ಅದರ ಮೇಲೆಯೇ ರಾಸಾಯನಿಕ ಲೇಪನವನ್ನು ಸುರಿದು ಮುಚ್ಚುವ ಪದ್ಧತಿ ವ್ಯಾಪಕವಾಗಿದೆ. ಈಚಿನ ವರ್ಷಗಳಲ್ಲಿ ನಮ್ಮ ಬಂಕುಗಳಿಗೆ ಬಂದಿರುವ, ನೂರಕ್ಕೆ ಇಪ್ಪತ್ತು ಪಾಲು ಎಥನಾಲು ಬೆರೆತ ಪೆಟ್ರೋಲಿನಲ್ಲಿ ಇಂತಹ ಲೇಪನಗಳಲ್ಲಿ ಹಲವು ಮೆದುವಾಗಿ ಸಿಪ್ಪೆಯೇಳುತ್ತವೆ; ಆ ಸಿಪ್ಪೆ ಕಾರ್ಬ್ಯುರೇಟರಿಗಿಳಿದು ಜೆಟ್ಟನ್ನು ಅರ್ಧ ಮುಚ್ಚುತ್ತದೆ; ಮತ್ತೆ ಪೆಟ್ರೋಲು ಕಡಿಮೆ, ಮತ್ತೆ ಶಾಖ. ಎಥನಾಲು ನೀರನ್ನು ಹೀರಿಕೊಳ್ಳುವ ಗುಣವುಳ್ಳದ್ದು; ಹಳೆಯ ಕಾಲದ ರಬ್ಬರ್ ಕೊಳವೆಗಳನ್ನೂ ಅದು ಕೆಡಿಸುತ್ತದೆ. ಆದಕಾರಣ ಹೆಚ್ಚು ಓಡಿಸದ ಗಾಡಿಯ ಟ್ಯಾಂಕಿನಲ್ಲಿ ಪೆಟ್ರೋಲನ್ನು ತಿಂಗಳುಗಟ್ಟಲೆ ನಿಲ್ಲಿಸದಿರುವುದೂ, ಕೊಳವೆಗಳನ್ನು ಹೊಸ ಪೆಟ್ರೋಲಿಗೆ ತಾಳುವ ಬಗೆಯವಕ್ಕೆ ಬದಲಾಯಿಸುವುದೂ ಅವಶ್ಯಕ.

ಎಂಜಿನಿನಷ್ಟೇ ಎಚ್ಚರಿಕೆಯಿಂದ ಕಾಪಾಡಬೇಕಾದುದು ಎಂಜಿನ್ ನಂಬರು, ಚಾಸಿಸ್ ನಂಬರುಗಳನ್ನು. ಅತಿಯಾಗಿ ಉಜ್ಜಿದ ಪಾಲಿಷಿನಿಂದಲೂ ದಪ್ಪ ಲೇಪನದಿಂದಲೂ ಈ ಅಂಕಿಗಳು ಅಳಿದುಹೋದ ಗಾಡಿಗಳುಂಟು. 2021ರ ಜುಲೈಯಲ್ಲಿ ಕೇಂದ್ರ ಸರ್ಕಾರ ಹೊರಡಿಸಿದ ನಿಯಮಗಳ ಪ್ರಕಾರ, ಮೊದಲ ನೋಂದಣಿಯಿಂದ 50 ವರ್ಷ ಮೀರಿದ, ಮೂಲರೂಪದಲ್ಲಿಯೇ ಉಳಿಸಿಕೊಂಡು ಬಂದ ಎರಡು ಹಾಗೂ ನಾಲ್ಕು ಚಕ್ರದ ವಾಹನಗಳನ್ನು ವಿಂಟೇಜ್ ವಾಹನಗಳೆಂದು ನೋಂದಾಯಿಸಬಹುದು. ಅವುಗಳ ಫಲಕದಲ್ಲಿ ವಿಎ ಎಂಬ ಅಕ್ಷರಗಳಿರುತ್ತವೆ. ಚಾಸಿಸನ್ನೋ ಎಂಜಿನನ್ನೋ ಗಣನೀಯವಾಗಿ ಬದಲಿಸಿದ ಗಾಡಿಗೆ ಆ ಮನ್ನಣೆಯಿಲ್ಲ. ಯಾದವಗಿರಿಯ ಮೊದಲ ದಶಕದ ಜಾವಾಗಳೆಲ್ಲ ಈಗ ಆ ವಯಸ್ಸನ್ನು ದಾಟಿವೆ. ಮೂಲ ಬಣ್ಣ ಮುಕ್ಕಾಲು ಪಾಲು ಉಳಿದಿರುವ ಗಾಡಿಗೆ ಹೊಸ ಬಣ್ಣ ಹೊಡೆಸಲೇಬಾರದೆಂಬುದು ನನ್ನ ದೃಢವಾದ ಅಭಿಪ್ರಾಯ. ಮೈಸೂರಿನ ಕೆಲಸಗಾರನೊಬ್ಬ ಕೈಯಾರೆ ಎಳೆದ ಗೆರೆ ಒಮ್ಮೆ ಅಳಿದರೆ ಅದನ್ನು ಮತ್ತೆ ಯಾರೂ ಎಳೆಯಲಾರರು. 2018ರಲ್ಲಿ ಜಾವಾ ಎಂಬ ಹೆಸರು ಮತ್ತೆ ಮಾರುಕಟ್ಟೆಗೆ ಬಂದಿತಾದರೂ ಆ ಗಾಡಿಯದು ದ್ರವದಿಂದ ತಂಪಾಗುವ ನಾಲ್ಕು ಸ್ಟ್ರೋಕಿನ ಎಂಜಿನು. ಹಳೆಯದರ ಬಿಡಿಭಾಗವಾಗಲಿ ಕುಶಲತೆಯಾಗಲಿ ಅದರಿಂದ ದೊರೆಯುವಂತಿಲ್ಲ.

ಗುರುಪುರದ ಆ ಗಾಡಿಗೆ ಹೊಸ ಸೀಲುಗಳನ್ನು ಹಾಕಿ, ಕಿಂಡಿಗಳ ಅಂಚನ್ನು ನಯಮಾಡಿ, ಸರಿಯಾದ ಅವಕಾಶದೊಡನೆ ಪಿಸ್ಟನ್ನನ್ನು ಕೂರಿಸಿದ ಮೇಲೆ ಮೆಕಾನಿಕ್ಕು ಯಜಮಾನರಿಗೆ ವಿಧಿಸಿದ ಪಥ್ಯ ಹೀಗಿತ್ತು: ಮೊದಲ ಕೆಲವು ನೂರು ಕಿಲೋಮೀಟರು ಆಕ್ಸಿಲರೇಟರನ್ನು ಅರ್ಧಕ್ಕಿಂತ ಹೆಚ್ಚು ತಿರುಗಿಸಬಾರದು, ನಿಂತಲ್ಲಿ ಎಂಜಿನನ್ನು ಬಹಳ ಹೊತ್ತು ಓಡಿಸಬಾರದು, ಏಕೆಂದರೆ ಗಾಡಿ ಚಲಿಸದಿದ್ದರೆ ಅದಕ್ಕೆ ಗಾಳಿಯಿಲ್ಲ; ಇಳಿಜಾರಿನಲ್ಲಿ ಆಕ್ಸಿಲರೇಟರನ್ನು ಪೂರ್ತಿ ಮುಚ್ಚಿ ಬಹುದೂರ ಇಳಿಯಬಾರದು, ಏಕೆಂದರೆ ಪೆಟ್ರೋಲು ನಿಂತರೆ ಎಣ್ಣೆಯೂ ನಿಲ್ಲುತ್ತದೆ. ಹೆಡ್ಡಿನ ನಟ್ಟುಗಳನ್ನು ಎಂಜಿನು ಪೂರ್ತಿ ತಣ್ಣಗಾದ ಮೇಲೆ ಮತ್ತೊಮ್ಮೆ ಬಿಗಿಯಬೇಕು. ಪ್ಲಗ್ಗನ್ನು ಆಗಾಗ ಬಿಚ್ಚಿ ನೋಡಬೇಕು: ಅದರ ಪಿಂಗಾಣಿ ತಿಳಿಕಂದಾಗಿದ್ದರೆ ಮಿಶ್ರಣ ಸರಿಯಾಗಿದೆ, ಕಪ್ಪಾಗಿ ಒದ್ದೆಯಾಗಿದ್ದರೆ ಪೆಟ್ರೋಲು ಹೆಚ್ಚು, ಬೆಳ್ಳಗೆ ಬೆಂದಂತಿದ್ದರೆ ಅಲ್ಲಿಯೇ ಗಾಡಿಯನ್ನು ನಿಲ್ಲಿಸಿ ಗಾಳಿ ಎಲ್ಲಿಂದ ಒಳನುಗ್ಗುತ್ತಿದೆಯೆಂದು ಹುಡುಕಬೇಕು. ಯಜಮಾನರು ಈ ಪಥ್ಯವನ್ನು ತಪ್ಪದೆ ಪಾಲಿಸಿದರು. ಈಗ ಅವರು ಅದೇ ಗಾಡಿಯಲ್ಲಿ ಹುಣಸೂರಿಗೂ, ಒಮ್ಮೊಮ್ಮೆ ಚುಂಚನಕಟ್ಟೆಯವರೆಗೂ ಹೋಗಿಬರುತ್ತಾರೆ. ರೆಕ್ಕೆಗಳ ಮೇಲೆ ತೆಳುವಾದ ಕಪ್ಪು ಬಣ್ಣವಿದೆ, ಸೈಲೆನ್ಸರುಗಳಿಗೆ ಹಳೆಯ ಗಾಡಿಯೊಂದರಿಂದ ತಂದ ಮೂಲದ ಜಾಲರಿಗಳನ್ನು ಕೂರಿಸಿದೆ.